ಮಾವಾರ ಚರಗ, ನನ್ನ ಬಾಯಿ

ದೇಶಕ್ಕ ಸ್ವಾತಂತ್ರ್ಯ ಬಂದ ಮರುವರ್ಷ ನನ್ನ ಲಗ್ನ ಆತು, ನನ್ನ ಬಾಯಿಗೆ ಬೀಗ ಬಿತ್ತು. ಘೋಡಗೇರಿಯೊಳಗ ಓಣಿಗೆಲ್ಲಾ ಕೇಳುವಂಗ ಮಾತಾಡಿ ಬೆಳದಾಕಿ ನಾನು. ಬೆಲ್ಲದ ಬಾಗೇವಾಡಿ ಕಡೆ ಹೊಲದಾಗಿನ ಈ ವಸ್ತಿಗೆ ಬಂದ್ರ, ಸೊಸಿ ಮಾವನ ಮುಂದ ತುಟಿ ಬಿಚ್ಚಬಾರದು ಅನ್ನೂ ಪದ್ಧತಿ. ನೀರು ಬೇಕೋ ಬ್ಯಾಡೋ ಅನ್ನೂದನ್ನೂ ಬಳಿ ಸಪ್ಪಳ ಮಾಡಿ ಕೇಳಬೇಕು. ಯಾ ಪುಣ್ಯಾತ್ಮ ಮಾಡಿಟ್ಟಿದ್ನೋ ಏನೋ.

ವಸ್ತಿಯಾಗಿನ ಮನಿಯೆಲ್ಲಾ ಒಬ್ಬ ಮುತ್ಯಾನ ಸಂತಾನ. ಆದ್ರ ಬಾಜೂ ಹೊಲದ ದೊಡ್ಡತ್ತಿ, ಅಂದ್ರ ಮಾವಾರ ಅಣ್ಣನ ಹೆಂಡತಿ, ಆಕಿ ಮನಿಗೂ ನಮ್ಮ ಮನಿಗೂ ಮಾತಿಲ್ಲ ಕತಿಯಿಲ್ಲ. ಜಗಳ ನಡುವಿನ ಬದುವಿಂದು. ವರ್ಷಾ ಎತ್ತು ಹೂಡಿ ರಂಟಿ ಹೊಡಿಯುವಾಗ ಇವ್ರೊಂದು ಸಾಲು ಬದು ತಿನ್ನೋರು, ಅವ್ರೊಂದು ಸಾಲು ತಿನ್ನೋರು. ನಾ ಬರೂದ್ರಾಗ ಬದು ಸವದು ನೆಲಕ್ಕ ಹತ್ತಿತ್ತು, ಜಗಳ ಮಾತ್ರ ಹಂಗ ನಿಂತಿತ್ತು.

ಮಾವಾರ ಕಣ್ಣು ಮಂಜಾಗಾಕತ್ತಿದ್ದು ನನಗೊಬ್ಬಾಕಿಗೆ ಗೊತ್ತಿತ್ತು. ತಾಟಿನ್ಯಾಗ ಬದ್ನಿಕಾಯಿ ತಡವರಿಸಿ ಹುಡುಕೋರು. "ಕಣ್ಣ ಹೋದವ್ರು ಕಟ್ಟಿ ಮ್ಯಾಲ ಕುಂಡ್ರಬೇಕು, ಹೊಲಕ್ಕ ಬರಬಾರದು" ಅಂತ ನನ್ನ ಗಂಡ ಯಾರದೋ ಸುದ್ದಿ ಹೇಳುವಾಗ ಅಂದದ್ದು ಅವ್ರ ಕಿವಿಗೆ ಬಿದ್ದಿತ್ತು. ಹೊಲ ಬಿಟ್ರ ಆ ಮನಶಾಗ ಬ್ಯಾರೆ ಜೀವಾನ ಇರಲಿಲ್ಲ. ಅದಕ್ಕ ಮುಚ್ಚಿಟ್ಟಿದ್ರು.

ಎಳ್ಳಮಾಸಿ ಬಂತು, ಹೊಲದ ಪೂಜಿ ಮಾಡೂ ಅಮಾಸಿ. ಬುಟ್ಟಿ ತುಂಬ ಕಡಬು, ರೊಟ್ಟಿ, ಪಲ್ಯೆ ಕಟಗೊಂಡು ಎಲ್ಲಾರೂ ಹೊಲಕ್ಕ ಹೋದ್ವಿ. ಪೂಜಿ ಮುಗದ ಮ್ಯಾಲ ಅಡಿಗಿ ಕಲಸಿ ಬೆಳಿಗೆ ಉಣಸಾಕ ಚೆಲ್ಲತಾರ, ಅದ ಚರಗ. ಮನಿ ಹಿರ್ಯಾ ಚೆಲ್ಲಕೋತ ಹೊಲಾ ಸುತ್ತಬೇಕು, ಹಿಂದ ಒಬ್ರು ನೀರ ಚಿಮುಕಸಬೇಕು. ಆ ವರ್ಷ ತಂಬಿಗಿ ನನ್ನ ಕೈಗೆ ಬಂತು.

"ಹುಲ್ಲುಲ್ಲಿಗೋ" ಅಂತ ಕೂಗಕೋತ ಮಾವಾರು ನಡದ್ರು. ಎತ್ತ ನೋಡಿದ್ರೂ ತಲಿಮಟ ಜ್ವಾಳ. ಹೊಲದ ಮೂಲ್ಯಾಗ ತಿರುಗಬೇಕಿತ್ತು, ತಿರುಗಲಿಲ್ಲ. ಸೀದಾ ದೊಡ್ಡತ್ತಿ ಹೊಲಾ ಹೊಕ್ಕು ಧಾರಾಳ ಕೈಲೆ ಚೆಲ್ಲಾಕ ಹತ್ತಿದ್ರು. ನಾ ಕೆಮ್ಮಿದೆ. ಬಳಿ ಸಪ್ಪಳ ಮಾಡಿದೆ. "ನೆಗಡಿ ಆಗೇತೇನು?" ಅಂದು ಮುಂದ ಹೋದ್ರು. ನಮ್ಮ ಕಡಬು ವೈರಿ ಹೊಲಾ ಉಣ್ಣಾಕತ್ತಿತ್ತು. ನನಗ ನಗುನೂ ಬರ್ತಿತ್ತು, ಅಂಜಿಕಿನೂ ಆಗತಿತ್ತು.

ಜ್ವಾಳ ಮುಗೀತು. ಎದುರಿಗೆ ದೊಡ್ಡತ್ತಿ ತನ್ನ ಮಂದಿ ಕೂಡ ಉಣ್ಣಾಕ ಕುಂತಿದ್ಲು. ಮಾವಾರು ಆಕಿ ಸೆರಗಿನ ಮ್ಯಾಲ ಒಂದು ಹಿಡಿ ಚರಗ ಒಗದ್ರು.

"ಇದೇನೋ, ಕಣ್ಣ ಕಾಣ್ಸೂದಿಲ್ಲೇನು ನಿನಗ?" ಅಂದ್ಲು ಆಕಿ.

ಮಾವಾರ ಮಾರಿ ಬಿಳಚಿಕೊಂತು. ನನಗ ತಡಕೊಳ್ಳಾಕ ಆಗಲಿಲ್ಲ, ಬಾಯಿ ತಗದೆ. "ಕಾಣತೈತ್ರಿ ದೊಡ್ಡತ್ತಿ. ಒಬ್ಬ ಮುತ್ಯಾನ ಹೊಲ, ಎರಡಕ್ಕೂ ಚೆಲ್ಲಬೇಕಂತ ಬೇಕಂತನ ಬಂದಾರ್ರಿ."

ದೊಡ್ಡತ್ತಿ ಸೆರಗಿನ ಮ್ಯಾಲಿನ ಕಡಬಿನ ಚೂರು ತಗೊಂಡು ಬಾಯಿಗೆ ಹಾಕ್ಕೊಂಡ್ಲು. "ಬೆಲ್ಲಾ ಕಡಿಮಿ ಹಾಕ್ಯಾರ. ಕುಂಡ್ರು, ಉಣ್ಣು" ಅಂದ್ಲು. ಮಾವಾರು "ಹೂಂ ವೈನಿ" ಅಂದು ಕುಂತು ಎರಡು ಸಲ ಹಾಕಿಸಿಕೊಂಡು ಉಂಡ್ರು.

ತಿರುಗಿ ಬರುವಾಗ ಜ್ವಾಳದ ನಡುವ ನಿಂತ್ರು. "ತಂಗಿ, ನೀ ಮುಂದಾಗು. ಮಾತಾಡಕೋತ ನಡಿ, ದನಿ ಹಿಡದು ಬರತೇನಿ. ಮನಿಯಾಗ ಹೇಳಬ್ಯಾಡ."

"ಏನ ಮಾತಾಡ್ಲಿರಿ?"

"ಏನರೆ."

ತವರಿನ ಎಮ್ಮಿ ಸುದ್ದಿ ಸುರು ಮಾಡಿದೆ. ಮಾವನ ಮುಂದ ಸೊಸಿ ನಡದು ಬರೂದನ್ನ, ಅದೂ ಬಾಯಿ ಮಾಡಕೋತ ಬರೂದನ್ನ ನೋಡಿ ನಮ್ಮತ್ತಿ ತಲಿ ಮ್ಯಾಲ ಕೈ ಹೊತ್ತು ಕುಂತ್ಲು. ಬಾಯಿಬಡಕಿ ಅಂತ ವಸ್ತಿ ತುಂಬ ನನ್ನ ಹೆಸರಾತು. ಆಗ್ಲಿ ಬಿಡ್ರಿ. ಮಾವಾರು ಸಾಯೂತನಕ ದಿನಾ ಹೊಲಕ್ಕ ಬಂದ್ರು.