ಶುರು ಮಾಡಲು ಬಾರದ ವೇಣುಗೋಪಾಲ

ಅಮೆರಿಕದ ಅರೋರಾ ಊರಿನಲ್ಲಿದ್ದ ವೇಣುಗೋಪಾಲ ಇಪ್ಪತ್ತಾರು ವರ್ಷ ಬೇರೆಯವರು ಬರೆದಿಟ್ಟ ಪ್ರೋಗ್ರಾಮುಗಳ ತಪ್ಪು ತಿದ್ದಿದ್ದ. ಕೊನೆಯ ಹತ್ತು ವರ್ಷ ಮೊಬೈಲ್ ಆ್ಯಪ್‌ಗಳದ್ದು. ದೂರು ಬಂದರೆ ಸಾಕು, ಎಂಥ ಕಗ್ಗಂಟಾದರೂ ಬಿಡಿಸುತ್ತಿದ್ದ. ಕಂಪನಿ ಅವನನ್ನು ಮನೆಗೆ ಕಳಿಸಿ ಏಳು ತಿಂಗಳಾಗಿತ್ತು.

ಅವತ್ತು ಹನ್ನೊಂದು ಗಂಟೆಗೆ ವಿಡಿಯೊ ಇಂಟರ್‌ವ್ಯೂ. ಆ ಕಡೆಯ ಹುಡುಗಿ ನಗುತ್ತಾ, ಟರ್ಮಿನಲ್ ತೆರೆದು ಕಮಾಂಡ್ ಕೊಟ್ಟು ಹೊಸ ಆ್ಯಪ್ ಒಂದನ್ನು ಶುರು ಮಾಡಿ, ಇದು ಬರೀ ವಾರ್ಮ್-ಅಪ್ಪು ಎಂದಳು. ಟರ್ಮಿನಲ್ಲಿನ ಕಪ್ಪು ಪರದೆಯಲ್ಲಿ, ಕಮಾಂಡ್ ಟೈಪ್ ಮಾಡಬೇಕಾದ ಜಾಗದಲ್ಲಿ, ಕರ್ಸರ್ ಮಿಣುಕುತ್ತಿತ್ತು. ವೇಣುಗೋಪಾಲನ ಬೆರಳು ಏಳಲಿಲ್ಲ. ಶುರು ಮಾಡುವ ಕೆಲಸವನ್ನು ಅವನಿಗೆ ಯಾರೂ ಎಂದೂ ಕೊಟ್ಟಿರಲೇ ಇಲ್ಲ. ಅವನು ಸೇರುವ ಹೊತ್ತಿಗೆ ಎಲ್ಲವೂ ಶುರುವಾಗಿ, ಅರ್ಧ ಕೆಟ್ಟು ನಿಂತಿರುತ್ತಿತ್ತು. ಐದು ನಿಮಿಷ ಕಾದು ಅವಳು, "ನೋ ವರೀಸ್," ಎಂದಳು. ಆ ಮಾತಿನ ಅರ್ಥ ಕೆಲಸ ಸಿಗಲಿಲ್ಲವೆಂದು ಅವನಿಗೆ ಗೊತ್ತಿತ್ತು.

ಕರೆ ಮುಗಿದ ಮೇಲೆ ಆ ಕಮಾಂಡನ್ನು ಇಂಟರ್‌ನೆಟ್ಟಿನಲ್ಲಿ ಹುಡುಕಿ ನೋಡಿದ. ಹೆಂಡತಿ ಪದ್ಮಾ ಊಟಕ್ಕೆ ಕರೆಯಲು ಬಂದಾಗ ಮೇಜು ಗುದ್ದಿದ. "ಒಂದೇ ಸಾಲು ಕಣೇ! ಮೂರು ಪದ! ಕಾಲೇಜು ಮಕ್ಕಳಿಗೂ ಬರುತ್ತೆ!"

"ಈಗ ನಿಮಗೂ ಬಂತಲ್ಲ. ನಿಮ್ದೇ ಒಂದು ಆ್ಯಪ್ ಮಾಡಿ," ಎಂದಳು ಪದ್ಮಾ.

ಮೂರು ಪದ ಟೈಪ್ ಮಾಡಿ ಎಂಟರ್ ಒತ್ತಿದ. ಸಾಲುಗಳು ಸರಸರ ಓಡಿ, ನಿಮ್ಮ ಪ್ರಾಜೆಕ್ಟ್ ಸಿದ್ಧವಾಗಿದೆ ಎಂಬ ಸಂದೇಶ ಬಂತು. ಫೋನಿನಲ್ಲಿ ಬಿಳಿ ಪರದೆ ತೆರೆದುಕೊಂಡಿತು. ಒಂದು ಕಲೆಯಿಲ್ಲ, ಒಂದು ತಪ್ಪಿಲ್ಲ. ಕೆಳಗೆ ಅಡುಗೆಮನೆಯಲ್ಲಿ ಸಾರು ಆರುತ್ತಿತ್ತು. ಮುಂದೇನು ಮಾಡಬೇಕೆಂದು ಹೊಳೆಯದೆ ವೇಣುಗೋಪಾಲ ಅದನ್ನೇ ನೋಡುತ್ತಾ ಕುಳಿತ, ಯಾರಾದರೂ ಒಂದು ದೂರು ಕಳಿಸಲಿ ಎಂದು.