ಕಳ್ಳ ಕಳಿಸಿದ ಲಗ್ನಪತ್ರ

ಯಾರರ ಮದವಿಗೆ ಕರದ್ರ ನನಗ ಒಲ್ಲೆ ಅನ್ನಾಕ ಬರೂದಿಲ್ಲ. ಇದು ನನ್ನೊಬ್ಬಾಕಿ ರೋಗಲ್ಲ, ವಿಜಯಪುರ ಕಡೆ ಮಂದಿದೆಲ್ಲಾ ಇದ ಹಣೇಬರಹ. ಗಂಡಾ ಹೆಂಡತಿ ಜೋಡಿಲೆ ಬಾಗಲಕ್ಕ ಬಂದು "ಅಕ್ಷತಾ ತಗೋರಿ" ಅಂದ್ರಂದ್ರ ಮುಗೀತು. ಮೊದಲ ಕುಂಕುಮ ಹಚ್ಚಿಸ್ಕೊಂಡು, ಸೆರಗೊಡ್ಡಿ ಅಕ್ಕಿಕಾಳ ತಗೊಂಡು, ಚಾ ಕುಡಿಸಿ ಕಳಿಸಿದ ಮ್ಯಾಲ "ಇವರು ಯಾರ್ರಿ?" ಅಂತ ಮನಿಯವರನ್ನ ಮೆಲ್ಲಕ ಕೇಳೂದು. ಎದುರಿಗೇ ಕೇಳಿದ್ರ ಮರ್ಯಾದಿ ಏನ ಉಳೀತು?

ಹಿಂಗಾಗಿ ಹೋದ ತಿಂಗಳ ನನ್ನ ವಾಟ್ಸಾಪಿಗೆ ಅರಕೇರಿಯ ಪರಿಚಯದಾಕಿ ಒಬ್ಬಾಕಿ ನಂಬರಿನಿಂದ "ನಮ್ಮ ಮನಿ ಮದವಿ, ತಪ್ಪದ ಬರ್ರಿ" ಅಂತ ಒಂದು ಫೈಲು ಬಂದಾಗ ನಾ ಹಿಂದ ಮುಂದ ನೋಡಲಿಲ್ಲ. ಒತ್ತಿಬಿಟ್ಟೆ. ಅದು ಭಾಳ ಸಭ್ಯಸ್ತರಂಗ ಒಂದೊಂದ ಕೇಳಾಕ ಹತ್ತಿತು. ನಿಮ್ಮ ಮೆಸೇಜು ನೋಡ್ಲ್ಯಾ? ನೋಡಪ್ಪಾ. ನಿಮ್ಮ ಮಂದಿ ನಂಬರ ನೋಡ್ಲ್ಯಾ? ಅದನ್ನೂ ನೋಡು. ಕ್ಯಾಮೆರಾ? ಮೈಕು? ಮದವಿಗೆ ಕರ್ಯಾಕ ಬಂದವರಿಗೆ ಇಲ್ಲ ಅನ್ನೂದ ಹೆಂಗ? ಎಲ್ಲಾದಕ್ಕೂ ಹೂಂ ಅಂದೆ. ಕಡೀಕ ನೋಡಿದ್ರ ವಧು ಇಲ್ಲ, ವರ ಇಲ್ಲ, ತಾರೀಖ ಇಲ್ಲ, ಬರೇ ಬಿಳೀ ಪರದೆ. ನೆಟ್ಟು ಸರಿ ಇಲ್ಲೇನೋ ಅಂದಕೊಂಡು ರೊಟ್ಟಿ ಬಡ್ಯಾಕ ಹೋದೆ.

ನನ್ನ ಸಣ್ಣ ಮಗಳು ಸುಮಾ ಬಬಲೇಶ್ವರದ ಕಾಲೇಜಿನ್ಯಾಗ ಕಂಪ್ಯೂಟರ್ ಕಲಸ್ತಾಳ. ದಿನಾ ಬಸ್ಸಿನ್ಯಾಗ ಹೋಗಿ ಬರ್ತಾಳ. ಆವತ್ತ ಸಂಜೀಕ ಚಪ್ಪಲ್ ಬಿಡೂಕಿಂತ ಮೊದಲ ಚೀರಿದ್ಲು. "ಬೇ ಯವ್ವಾ, ಏನ್ ಮಾಡಿದಿ ಇದನ್ನ? ನಿನ್ನ ನಂಬರಿನಿಂದ ಊರ ಮಂದಿಗೆಲ್ಲಾ ಲಗ್ನಪತ್ರ ಹೋಗ್ಯಾವ!" ನಾ ಒತ್ತಿದ್ದ ಫೈಲು ನನ್ನ ಫೋನಿನ್ಯಾಗ ಇದ್ದ ಹೆಸರಿಗೆಲ್ಲಾ ತಾನ ತಾನಾಗಿ ಹೋಗಿತ್ತು. ಆಕಿ ಲಗು ಲಗು "ನಮ್ಮವ್ವನ ಫೋನ್ ಕೆಟ್ಟೈತಿ, ಏನೂ ತೆರೀಬ್ಯಾಡ್ರಿ" ಅಂತ ತನ್ನ ಸ್ಟೇಟಸ್ ಹಾಕಿದ್ಲು. ಆಮ್ಯಾಲ ನನಗ ಸಾಲಿ ಹಚ್ಚಿದ್ಲು.

ಈ ಕೆಟ್ಟ ಸಾಫ್ಟ್‌ವೇರಿನ್ಯಾಗೂ ಜಾತಿ ಭಾಳ ಅದಾವಂತ. ಅಂಟುರೋಗಧಂಗ ಒಂದರಿಂದ ಒಂದಕ್ಕ ಹಬ್ಬೂವು ಬ್ಯಾರೆ. ಒಳ್ಳೇವರ ವೇಷ ಹಾಕ್ಕೊಂಡ ಬಂದು, ಒಳಗ ಕುಂತ ಮ್ಯಾಲ ಬಣ್ಣ ತೋರಸೂದಕ್ಕ ಟ್ರೋಜನ್ ಅಂತಾರಂತ. ನಾ ಕುಂಕುಮ ಹಚ್ಚಿಸ್ಕೊಂಡದ್ದು ಇದರ ಕೈಲೆ. ಇನ್ನೊಂದು ನಿಮ್ಮ ಫೋಟೋ ಕಾಗದಾ ಎಲ್ಲಾ ಒಳಗ ಹಾಕಿ ಕೀಲಿ ಜಡದು, ಹೊಸ್ತಲದಾಗ ಕುಂತು ದಂಡ ಕೇಳತೈತಂತ. ಬರೇ ಜಾಹೀರಾತು ತೋರಿಸಿ ತಲಿ ತಿನ್ನೂ ಜಾತಿನೂ ಐತಿ. ಅದಕ್ಕ ನಾ ಅಂಜೂದಿಲ್ಲ. ನಮ್ಮ ಮೈದುನ ವಿಮಾ ಏಜೆಂಟ ಅದಾನ, ರೂಢಿ ಆಗೇತಿ.

ಆದ್ರ ಇವೆಲ್ಲಾದಕ್ಕಿಂತ ಖೊಟ್ಟಿ ಅಂದ್ರ ಸ್ಪೈವೇರು, ಗೂಢಚಾರ. ಅದು ಗದ್ದಲ ಮಾಡೂದಿಲ್ಲ, ಏನೂ ಕೆಡಸೂದಿಲ್ಲ, ಸುಮ್ನ ಕುಂತು ಕೇಳತೈತಿ. ನಮ್ಮ ಗೋಲಗುಮ್ಮಟದಾಗ ಒಂದ ಕಡೆ ಗೋಡಿಗೆ ಬಾಯಿ ಹಚ್ಚಿ ಪಿಸುಗುಟ್ಟಿದ್ರ ಆಚೀಕಡೆ ಕುಂತವರಿಗೆ ಕೇಳಸತೈತಲ್ಲ, ಹಂಗ. ಆದ್ರ ಅಲ್ಲಿ ಹೋಗಿ ಪಿಸುಗುಟ್ಟಾವ್ರು ಗೊತ್ತಿದ್ದ ಪಿಸುಗುಡ್ತಾರ, ಕೇಳಿದವರು ಈ ಕಡೆ ಬಂದು ನಗ್ತಾರ. ಬಾದಶಹರ ಕಾಲದಾಗ ಈ ಊರಿಗೆ ಕ್ವಾಟಿ ಗ್ವಾಡಿ ಇತ್ತು, ಕಂದಕ ಇತ್ತು, ಬಾಗಲಕ್ಕೊಬ್ಬ ಕಾವಲಿನವ ಇದ್ದ. ನನ್ನ ಫೋನಿಗೆ ಕಾವಲಿನಾಕಿ ನಾನ, ನಾನ ಅಗಳಿ ತಗದೇನಿ. ಯಾರಿಗೆ ದೂರ ಹೇಳ್ಲಿ?

ಅದರಾಗ ಒಂದು ಜಾತಿ ಐತಂತ, ನಮ್ಮ ಬೆರಳು ಒತ್ತಿದ ಒಂದೊಂದ ಅಕ್ಷರಾನೂ ಬಿಡದ ಬರಕೊಳ್ಳೂದು. ನನ್ನ ಫೋನಿನ್ಯಾಗ ಹೊಕ್ಕಿದ್ದೂ ಅದ ಅಂತ.

"ಬರದು ಅಳಿಸಿದ್ದನ್ನೂ ಬರಕೊಳ್ಳತೈತೇನು?" ಅಂತ ಕೇಳಿದೆ.

"ಅಳಿಸಿದ್ದನ್ನೂ," ಅಂದ್ಲು ಸುಮಾ.

ಆಕಿ ಕೈಯಾಗಿನ ಫೋನು ಕಸಗೊಂಡೆ. ಯಾಕಂದ್ರ ನನ್ನ ಫೋನಿನ್ಯಾಗ ಬರದು ಅಳಿಸಿದ್ದ ಭಾಳ ಐತಿ, ಕಳಿಸಿದ್ದ ಕಡಿಮಿ. ಎಲ್ಲಾ ನಮ್ಮ ಅಣ್ಣಗ ಬರದದ್ದು.

ಅಣ್ಣ ಘೋಣಸಗ್ಯಾಗ ಇರ್ತಾನ, ದ್ರಾಕ್ಷಿ ತ್ವಾಟಾ ಮಾಡ್ಯಾನ. ನನಗ ಇರಾಂವ ಅವ ಒಬ್ಬನ. ನನ್ನ ದೊಡ್ಡ ಮಗಳ ಮದವ್ಯಾಗ ಪ್ರೆಸ್ಸಿನವರು ಲಗ್ನಪತ್ರದಾಗ ಒಂದು ಸಾಲು ನುಂಗಿಬಿಟ್ಟಿದ್ರು, ಅದು ಸ್ವಾದರಮಾವನ ಹೆಸರಿದ್ದ ಸಾಲು. ನಮ್ಮ ಕಡೆ ಸ್ವಾದರಮಾವನ ಹೆಸರಿಲ್ಲದ ಪತ್ರ ಅಂದ್ರ ದೇವರಿಲ್ಲದ ಗುಡಿ. ಬ್ಯಾರೆ ಅಚ್ಚ ಹಾಕಿಸಿದ್ರೂ ಅವ ಮುಟ್ಟಲಿಲ್ಲ. "ನಾ ಇಲ್ಲದ ಕಾಗದಾ ಮೊದಲ ಊರೆಲ್ಲಾ ಓದೇತಿ," ಅಂದ. ಮದವಿಗೆ ಬರಲಿಲ್ಲ. ಹುಡುಗಿ ಸ್ವಾದರಮಾವನ ಸೀರಿ ಇಲ್ಲದ ಹಂದರ ಏರಿದ್ಲು. ಅವತ್ತಿನಿಂದ ಅವಂದೂ ನಂದೂ ಮಾತ ಬಂದ್.

ಆಮ್ಯಾಲ ಎಷ್ಟ ಸಲ ಬರದೇನಿ ಅವಗ. "ಅಣ್ಣಾ, ಹಣ್ಣ ಹೆಂಗ ಬಂದಾವ?" "ಅಣ್ಣಾ, ವೈನಿ ಮಣಕಾಲ ಬ್ಯಾನಿ ಕಡಿಮಿ ಆತೇನು?" "ಅಣ್ಣಾ, ನಾ ಸತ್ರರ ಬರ್ತೀಯೋ ಇಲ್ಲೋ?" ಎಲ್ಲಾ ಬರದು, ಒಂದ ಸಲ ಓದಿ, ಅಳಿಸಿ, ಫೋನು ಬೋರಲ ಹಾಕಿ ಮಲಗೀನಿ. ಆ ಫೈಲು ಒತ್ತಿದ ದಿನಾನೂ ರೊಟ್ಟಿ ಬಡದ ಮ್ಯಾಲ ಹಿಂಗ ಬರದು ಅಳಿಸಿದ್ದೆ. ಮಂದಿ ನನ್ನ ಕೇಳೂದು ಒಂದ, "ರೊಕ್ಕ ಹೋತೇನ್ರಿ?" ರೊಕ್ಕ ಹೋಗಲಿಲ್ಲ ಮಾರಾಯ್ರ. ನಾ ನಮ್ಮ ಅಣ್ಣಗ ಬರದ ಮಾತು ಅಣ್ಣ ಒಬ್ಬನ್ನ ಬಿಟ್ಟು ಎಲ್ಲೋ ಕುಂತ ಕಳ್ಳ ಓದ್ಯಾನ. ಕಳ್ಳಗ ಕನ್ನಡ ಬರತೈತೋ ಇಲ್ಲೋ, ಓದಿ ನಕ್ಕನೋ ಏನೋ. ಇದರಷ್ಟ ನಾಚಿಕಿ ನನಗ ಜನ್ಮದಾಗ ಆಗಿಲ್ಲ. ಇಂಥ ಕಾಲದಾಗ ಒಬ್ಬರಿಗೊಬ್ಬರು ಮನಸ ಬಿಚ್ಚಿ ಮಾತಾಡೂದು ಹೆಂಗ, ನೀವರ ಹೇಳ್ರಿ. ಬಾಯಿ ಬಿಟ್ಟು ಆಡಾಕ ಸಿಟ್ಟು ಬಿಡವಲ್ದು, ಬರದು ಆಡಾಕ ಕಳ್ಳ ಬಿಡವಲ್ಲ.

ಆ ಫೈಲು ಒತ್ತಿದ ಮರುದಿನ ಮುಂಜಾನೆ ಬಾಗಲಾ ಬಡದ ಸಪ್ಪಳಾತು. ತಗದ್ರ ಅಣ್ಣ! ಹೊಸಾ ಧೋತ್ರ, ಇಸ್ತ್ರಿ ಅಂಗಿ, ತಲಿಮ್ಯಾಲ ಟೊಪಗಿ, ಬಗಲಾಗ ಚೀಲ. ಟಿಕೋಟಾದಾಗ ಬಸ್ಸು ಬದಲಿ ಮಾಡಿ, ನಿಂತಕೊಂಡ ಬಂದಿದ್ದ.

"ಕಾರ್ಡು ತೆರೀಲೇ ಇಲ್ಲ ತಂಗೀ," ಅಂದ, ಹೊರಗ ನಿಂತಕೊಂಡ. "ಎಷ್ಟ ಒತ್ತಿದ್ರೂ ಬಿಳೇದ. ತಾರೀಖ ಕಾಣಲಿಲ್ಲ. ಇವತ್ತ ಇದ್ರ ಏನ ಗತಿ ಅಂತ ಹಂಗ ಬಂದಬಿಟ್ಟೆ. ಸುಮಾ ಎಲ್ಲಿ? ಹುಡುಗ ಯಾವೂರಾಂವ?"

ಒಳಗ ಬಂದು ಕುಂತು ಚೀಲದಾಗಿಂದ ಇಳಕಲ್ಲ ಸೀರಿ ತಗದ. ಡಾಂಬರ ಗುಳಿಗಿ ವಾಸನಿ ಮನಿತುಂಬ ಹಬ್ಬಿತು. ದೊಡ್ಡಾಕಿಗೆ ಅಂತ ತಂದು ಕೊಡದ ಟ್ರಂಕಿನ್ಯಾಗ ಇಟ್ಟಿದ್ದಂತ. "ಇದು ಸುಮಾಗ ಇರ್ಲಿ, ಆಕಿಗೆ ಬ್ಯಾರೆ ತರ್ತೀನಿ," ಅಂದ.

ಸುಳ್ಳ ಹೇಳಿಬಿಡ್ಲ್ಯಾ ಅನಸ್ತು. ಆದ್ರ ಯಾವ ಹುಡುಗ, ಯಾವ ತಾರೀಖ ಅಂತ ಹೇಳ್ಲಿ? ಚಾದ ಕಪ್ಪು ಅವನ ಮುಂದ ಇಟ್ಟೆ.

"ಅಣ್ಣಾ, ಮದವಿ ಇಲ್ಲ. ಅದನ್ನ ನಾ ಕಳಿಸಿಲ್ಲ. ಫೋನಿನ್ಯಾಗ ಕಳ್ಳ ಹೊಕ್ಕಿದ್ದ, ಅವ ಕಳಿಸ್ಯಾನ."



"ಹಂಗಾದ್ರ ನೀ ಕರದಿಲ್ಲ," ಅಂದ.

ಸೀರಿ ಮಡಚಿ ಚೀಲದಾಗ ಇಟ್ಟ. ಟೊಪಗಿ ಸರಿ ಮಾಡ್ಕೊಂಡ. ಚಾ ಮುಟ್ಟಲಿಲ್ಲ. ನಾ ಬರದು ಅಳಿಸಿದ್ದರಾಗ ಒಂದನ್ನರ ಬಾಯಿಲೆ ಆಡೂ ಹೊತ್ತ ಅದು. ಅವ ಎದ್ದು ಬಾಗಲಕ್ಕ ಹೋಗಿ ಚಪ್ಪಲ್ ಮೆಟ್ಟಿದ. ಮೆಟ್ಟಿ, ಅಲ್ಲೇ ನಿಂತ.

"ಅವ ಮತ್ಯಾರ್ಯಾರಿಗೆ ಕಳಿಸ್ಯಾನ?"

"ಫೋನಿನ್ಯಾಗ ಇದ್ದವರಿಗೆಲ್ಲಾ. ಬೀಗರಿಗೆ, ಕಾಲೇಜಿನವರಿಗೆ, ಗ್ಯಾಸಿನವಗ, ನಳಾ ರಿಪೇರಿಯವಗ..."

"ಯಾರ್ಯಾರ ಬಂದ್ರು?"

"ಯಾರೂ ಬರಲಿಲ್ಲ," ಅಂದೆ. ಅಳು ತಡೀಲಿಲ್ಲ. "ನೀ ಒಬ್ಬನ ಬಂದಿ."

ಅಣ್ಣ ಓಣಿ ಆ ಕಡೆ ಒಮ್ಮೆ, ಈ ಕಡೆ ಒಮ್ಮೆ ನೋಡಿದ. ಆಮ್ಯಾಲ ಮೆಟ್ಟಿದ ಚಪ್ಪಲ್ ತಗದು ಬದಿಗಿಟ್ಟ.

"ಹಂಗಾದ್ರ ಮದವಿಗೆ ಬಂದ ಮಂದಿ ಎಲ್ಲಾ ನಾನ," ಅಂದ. "ಊಟಕ್ಕ ಹಾಕು."