ಸೂಜಿ ಮೊದಲು

ಚಾಚಾನ ಕೆಳತುಟಿಯ ಎಡಮೂಲೆಯಲ್ಲಿ ಯಾವಾಗಲೂ ಒಂದು ಸೂಜಿ ಇರುತ್ತಿತ್ತು. ಮಾತಾಡುವಾಗಲೂ ತೆಗೆಯುತ್ತಿರಲಿಲ್ಲ. ಸಿಂದಗಿಯಲ್ಲಿ ನನ್ನ ಔಷಧಿ ಅಂಗಡಿಗೆ ಅಂಟಿಕೊಂಡೇ ಅವರ ಹೊಲಿಗೆ ಅಂಗಡಿ. ಎಲ್ಲಿ ನುಂಗಿಬಿಡುತ್ತಾರೋ ಎಂದು ನನಗೇ ಭಯ.

ಅವರ ಹೆಂಡತಿ ಚಾಚಿ ಮದುವೆಗೆ ಮುಂಚೆ ನಾಟಕ ಕಂಪನಿಯಲ್ಲಿ ಹಾಡುತ್ತಿದ್ದವರು. ಆಗ ಒಂದು ಹಾಡು ರೆಕಾರ್ಡಾಗಿತ್ತು. ಆ ರೆಕಾರ್ಡು ಟ್ರಂಕಿನ ಸೀರೆಗಳ ನಡುವೆ ಭದ್ರವಾಗಿತ್ತು. ನುಡಿಸುವ ಯಂತ್ರ ಮಾತ್ರ ಮನೆಯಲ್ಲಿರಲಿಲ್ಲ. “ಹಾಡಾಕಿ ಮನ್ಯಾಗ ಇರೂ ಮುಂದ ಮಶೀನ್ ಯಾಕ ಬೇಕವಾ?” ಎಂದು ಚಾಚಾ ನಗುತ್ತಿದ್ದರು. ಚಾಚಿ ತೀರಿಕೊಂಡ ಮೇಲೆ ಅದು ಬೇಕಾಯಿತು.

ಹೊಲಿಗೆಯ ದುಡಿಮೆಯಲ್ಲಿ ಪ್ಲೇಯರ್, ಅದರ ಸೂಜಿ, ಆಂಪ್ಲಿಫೈಯರ್, ಸ್ಪೀಕರ್ ಎಲ್ಲವನ್ನೂ ಒಮ್ಮೆಲೇ ಕೊಳ್ಳಲಾಗದು. ಮೊದಲು ಒಳ್ಳೆಯ ಸ್ಪೀಕರ್ ತರಿಸೋಣ ಎಂದೆ. ಅವರು ಒಪ್ಪಲಿಲ್ಲ.

“ಬಟ್ಟಿ ಮುಟ್ಟೂದು ಸೂಜಿ, ರೆಕಾರ್ಡ ಮುಟ್ಟೂದೂ ಸೂಜೀನ. ಅದು ಕೆಟ್ಟದ್ದಿದ್ರ ಆಕಿ ದನಿ ಹರದ ಹೋಗತೈತಿ. ಕಡೀ ಸಾಲಿನ ಮೊದಲ ಆಕಿ ಸಣ್ಣಗ ಉಸರ ಎಳಕೋತಿದ್ದಳು. ನನಗ ಅದು ಕೇಳಬೇಕು.”

ನನ್ನ ಮೊಬೈಲಿನಿಂದಲೇ ತುಟ್ಟಿಯ ಸೂಜಿ ತರಿಸಿದೆವು. ಕೂರಿಸಲು ಪ್ಲೇಯರೇ ಇಲ್ಲ! ಅದು ಗುಂಡಿಗಳ ಡಬ್ಬಿಯಲ್ಲಿ ಕಾಯುತ್ತ ಬಿದ್ದಿತ್ತು. ಆಮೇಲೆ ಸೋಲಾಪುರದಿಂದ ಹಳೆಯ ಪ್ಲೇಯರ್, ಬಹಳ ದಿನ ಬಿಟ್ಟು ಆಂಪ್ಲಿಫೈಯರ್ ಬಂದವು. ಸ್ಪೀಕರ್ ಕೊನೆಗೆ ಉಳಿಯಿತು.

ಅಷ್ಟರಲ್ಲಿ ಅವರ ಕಿವಿ ಮಂದವಾಗುತ್ತ ಬಂದಿತ್ತು. ಅಂಗಿಯ ತೋಳು ಎಲ್ಲಿಗೆ ನಿಲ್ಲಬೇಕೆಂದು ಗಿರಾಕಿಗಳು ಕೈ ಮುಟ್ಟಿ ತೋರಿಸತೊಡಗಿದರು.

“ಚಾಚಾ, ಸ್ಪೀಕರ್ ಇರ್ಲಿ, ಮೊದಲ ವಿಜಯಪುರಕ್ಕ ಹೋಗಿ ಕಿವಿ ತೋರಿಸ್ಕೊಂಡ ಬರ್ರಿ!” ಎಂದು ಗಂಟಲು ಹರಿಯುವಂತೆ ಕೂಗಿದೆ.

“ಆ ರೊಕ್ಕದಾಗ ಸ್ಪೀಕರ್ ಬರ್ತಾವವಾ. ಕಿವಿ ಆಮ್ಯಾಲ ನೋಡೂಣು.”

ಹಟಮಾರಿ ಮುದುಕ. ಇವತ್ತಿಗೂ ಆ ಮಾತು ನೆನೆದರೆ ಸಿಟ್ಟು ಬರುತ್ತದೆ.

ಸ್ಪೀಕರ್ ಬಂದ ದಿನ ಅವರ ಮನೆಯಲ್ಲಿ ನಾನೇ ಸೂಜಿ ಇಳಿಸಿದೆ. ಚಾಚಿಯ ದನಿ ಕೋಣೆ ತುಂಬಿತು. ಚಾಚಾ ತಲೆ ಬಗ್ಗಿಸಿ ಕಾಯುತ್ತಲೇ ಇದ್ದರು.

“ಹಚ್ಚಿದೇನವಾ?”

ದನಿ ಏರಿಸಿದೆ. ಓಣಿಯವರು ಬಾಗಿಲಿಗೆ ಬಂದರು. ಚಾಚಾ ಸ್ಪೀಕರಿನ ಮೇಲೆ ಅಂಗೈ ಇಟ್ಟರು. “ಗುಂಯ್ ಅನ್ನಾಕತ್ತೈತಿ. ಆಕಿ ಎಲ್ಲಿದಾಳ?”

ಇನ್ನು ಕಿವಿಗೆ ಯಂತ್ರ ಹಾಕಿದರೂ ಕೇಳಿಸದು, ಬಹಳ ತಡ ಮಾಡಿದಿರಿ ಎಂದರು ವಿಜಯಪುರದ ಡಾಕ್ಟರು.

ಆಮೇಲೂ ಸಂಜೆ ಅಂಗಡಿ ಮುಚ್ಚಿ ನನ್ನನ್ನು ಕರೆದೊಯ್ದು ಹಾಡು ಹಚ್ಚಿಸುತ್ತಿದ್ದರು. ನನ್ನ ಮುಖವನ್ನೇ ನೋಡುತ್ತ ಕೂತು, “ಉಸರು ಬಂತೇನು?” ಎಂದು ಕೇಳುತ್ತಿದ್ದರು. ನಾನು ಹೌದೆಂದು ತಲೆಯಾಡಿಸುತ್ತಿದ್ದೆ. ಅವರೂ ಆಡಿಸುತ್ತಿದ್ದರು. ಅದನ್ನು ನೋಡಲಾಗದೆ ಹಾಡು ಮುಗಿಯುತ್ತಲೇ ಎದ್ದು ಬರುತ್ತಿದ್ದೆ.

ಈ ಮಳೆಗಾಲದಲ್ಲಿ ಚಾಚಾ ಹೋದರು.

ನಾನು ಸುಳ್ಳು ಹೇಳಿರಲಿಲ್ಲ. ಆ ಉಸಿರು ರೆಕಾರ್ಡಿನಲ್ಲಿತ್ತು, ಅವರು ಹೇಳಿದ ಜಾಗದಲ್ಲೇ, ಅಷ್ಟೇ ಸಣ್ಣಗೆ. ಅವರು ಆರಿಸಿದ ಸೂಜಿ ಅದನ್ನು ಬಿಡದೆ ಹಿಡಿದಿತ್ತು. ಕೇಳಿದವಳು ಮಾತ್ರ ನಾನು, ಪಕ್ಕದ ಅಂಗಡಿಯವಳು.